ಉಸಿರು ಮತ್ತು ಉಶೀರ

ಬೆಳಗಿನ ರೊಟ್ಟಿ ಬಡಿಯುತ್ತಿದ್ದೆ. ಮೂರನೆಯ ರೊಟ್ಟಿಗೆ ಕೈ ನಿಂತಿತು. ಹಂಚು ಕಾದಿತ್ತು, ಹಿಟ್ಟು ನಾದಿಟ್ಟಾಗಿತ್ತು, ನನ್ನೊಳಗೆ ಮಾತ್ರ ಗಾಳಿ ಇರಲಿಲ್ಲ.

ಏಕಸಂಬಿಯ ನಮ್ಮ ಮನೆಯಲ್ಲಿ ಎಲ್ಲರೂ ಡಾಕ್ಟರುಗಳೇ. "ಗ್ಯಾಸ್ ಆಗಿರಬೇಕ, ಸೋಡಾ ಕುಡಿ," ಎಂದರು ನಮ್ಮ ಯಜಮಾನರು. ಮೈದುನ ಬಾಳಾಸಾಬ ಯಾವುದೋ ಧ್ಯಾನ ಶಿಬಿರದಲ್ಲಿ ಹತ್ತು ದಿನ ಕೂತು ಬಂದಿದ್ದ. ಜ್ಞಾನ ತಲೆಗೇರಿತ್ತು. "ವೈನಿ, ಸಂಕಟ ಬಂದಾಗನ ಜೀವನದ ಅರ್ಥ ತಿಳಿಯೂದು. ಈ ಕ್ಷಣದಾಗ ಇರ್ರಿ. ಬರೇ ಉಸಿರು ನೋಡ್ರಿ," ಎಂದ. ನೋಡುವುದಕ್ಕೆ ಅದು ಇರಬೇಕಲ್ಲ, ಪುಣ್ಯಾತ್ಮ! ಇದನ್ನು ಹೇಳುವಾಗ ಅವನು ನಾನು ಬಡಿದ ರೊಟ್ಟಿಯನ್ನೇ ತಿನ್ನುತ್ತಿದ್ದ, ಎರಡನೆಯ ಸಲ ಪಲ್ಯ ಹಾಕಿಸಿಕೊಂಡು.

ಹೀಗೆ ಮೂರು ವಾರ. ನಾನೂ ಶಾಣ್ಯಾಕಿಯಲ್ಲ. ಗೋಡೆ ಹಿಡಿದು ನಿಂತು, ಸೆರಗಿನಿಂದ ಬೆವರು ಒರೆಸಿಕೊಂಡು, ಮತ್ತೆ ಹಂಚಿನ ಮುಂದೆ ಕೂರುತ್ತಿದ್ದೆ.

ಒಂದು ಮುಂಜಾನೆ ತುಟಿ ನೀಲಿಯಾಯಿತು.

ನಮ್ಮ ಕಡೆಯವರಿಗೆ ದೊಡ್ಡ ಬ್ಯಾನಿ ಎಂದರೆ ಗಡಿಯಾಚೆ, ಮಹಾರಾಷ್ಟ್ರದ ಆಸ್ಪತ್ರೆಯೇ ಗತಿ. ಯಜಮಾನರು ನನ್ನನ್ನು ಬಾಗಿಲಲ್ಲಿ ಇಳಿಸಿ ಗಾಡಿ ನಿಲ್ಲಿಸಲು ಹೋದರು. ನಾನು ಕೌಂಟರ್ ಹಿಡಿದು ನಿಂತೆ. ನನಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ತವರು ನಿಪ್ಪಾಣಿ, ಜಗಳವನ್ನೂ ಮರಾಠಿಯಲ್ಲೇ ಮಾಡುತ್ತೇನೆ. ಆದರೆ ಜೀವ ಹೋಗುವ ಹೊತ್ತಿಗೆ ಬಾಯಿಗೆ ಬಂದದ್ದು ಅವ್ವನ ಕನ್ನಡ.

"ಉಸಿರ... ಉಸಿರ..."

ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಹೋ, ಉಶೀರ ಹೋಣಾರ. ಬಸಾ."

ಮರಾಠಿಯಲ್ಲಿ ಉಶೀರ ಎಂದರೆ ತಡ. ಹೌದು, ತಡವಾಗುತ್ತದೆ, ಕೂತುಕೊಳ್ಳಿ ಎಂದಳು ಮಹಾತಾಯಿ.

ಕುಳಿತೆ.

ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನಗೆ ದೇವರು ಕಾಣಲಿಲ್ಲ. ಜೀವನದ ಅರ್ಥವೂ ಕಾಣಲಿಲ್ಲ. ಒಂದು ಎಳೆದೆ, ಬಂತು. ಇನ್ನೊಂದು ಎಳೆದೆ, ಅರ್ಧ ಬಂತು. ಮಕ್ಕಳ ನೆನಪೂ ಆಗಲಿಲ್ಲ, ಹೇಳಲು ನಾಚಿಕೆಯಾಗುತ್ತದೆ. ನಿನ್ನೆ ಇರಲಿಲ್ಲ, ನಾಳೆ ಇರಲಿಲ್ಲ, ಮುಂದಿನ ಉಸಿರೊಂದೇ ಇತ್ತು. ಬಾಳಾಸಾಬ ಹೊಗಳುವ ಕ್ಷಣ ಇದೇ ಆಗಿದ್ದರೆ ಅದು ಅವನಿಗೇ ಇರಲಿ.

ಯಜಮಾನರು ಬಂದು ನನ್ನ ಮುಖ ನೋಡಿದ್ದೇ ಕೂಗಿದರು. "ಅಹೋ, ತಿಲಾ ಶ್ವಾಸ ಘೇತಾ ಯೇತ ನಾಹೀ!" ಇವಳಿಗೆ ಉಸಿರಾಡಲು ಆಗುತ್ತಿಲ್ಲ ಎಂದು. ಶ್ವಾಸ ಎಂದ ಕೂಡಲೇ ಸ್ಟ್ರೆಚರ್ ಬಂತು, ಆಕ್ಸಿಜನ್ ಬಂತು. ಎಕ್ಸ್‌-ರೇಯಲ್ಲಿ ಬಲಗಡೆ ಪೂರ್ತಿ ಬಿಳಿ. ಪ್ಲೂರಲ್ ಎಫ್ಯೂಷನ್; ಪುಪ್ಪುಸದ ಸುತ್ತ ನೀರು ತುಂಬಿತ್ತು. ಬೆನ್ನಿಗೆ ಸೂಜಿ ಚುಚ್ಚಿ ಒಂದೂವರೆ ಲೀಟರ್ ಹಳದಿ ನೀರು ತೆಗೆದರು.

ಡಾಕ್ಟರಿಗೆ ಗಡಿಯ ಮಂದಿಯ ಹಾಗೆ ಕಲಬೆರಕೆ ಕನ್ನಡ ಬರುತ್ತಿತ್ತು. "ಎಷ್ಟ ದಿನಾ ಆಗಿತ್ರಿ, ಬಾಯಾರ?"

"ಮೂರ ವಾರರಿ."

"ಇಷ್ಟ್ಯಾಕ ಉಶೀರ ಮಾಡಿದ್ರಿ?"

ನಗು ಬಂತು, ಬೆನ್ನು ನೋಯಿತು, ಅಳು ಬಂತು. ಆ ಹುಡುಗಿಯನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ! ಆದರೆ ಅವಳು ಕೂರಿಸಿದ್ದು ಸ್ವಲ್ಪ ಹೊತ್ತು. ಮೂರು ವಾರ ಕೂರಿಸಿದವಳು ನಾನೇ. "ಉಶೀರ ಆತ, ಲಗೂ ಮಾಡ" ಎಂಬ ಯಜಮಾನರ ಕೂಗಿಗೆ ಇಪ್ಪತ್ತೆಂಟು ವರ್ಷ ಓಡಿದ ಮೂರ್ಖೆ, ಅದಕ್ಕಾಗಿ ಉಸಿರನ್ನೂ ತಡೆಹಿಡಿದಿದ್ದೆ.

ಟಿಬಿ ಎಂದು ರಿಪೋರ್ಟ್ ಬಂತು. ಆರು ತಿಂಗಳು ಮಾತ್ರೆ. ಇದು ಇನ್ನೊಬ್ಬರಿಗೆ ಹರಡುವ ಬಗೆಯದಲ್ಲ ಎಂದರು ಡಾಕ್ಟರು. ಬಾಳಾಸಾಬ ಆಸ್ಪತ್ರೆಗೆ ನೋಡಲು ಬಂದ. ಬಾಗಿಲಲ್ಲೇ ನಿಂತ, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

"ವೈನಿ, ಸಂಕಟ ಏನ ಕಲಿಸ್ತರಿ?"

"ಒಳಗ ಬಾ, ಹೇಳ್ತೀನಿ."

ಬರಲಿಲ್ಲ. ಉಸಿರು ನೋಡಿ ಎಂದು ಊರಿಗೆಲ್ಲ ಹೇಳುವವನು ತನ್ನದನ್ನು ಬಿಗಿಹಿಡಿದು ನಿಂತಿದ್ದ. ಕಬ್ಬಿಗೆ ನೀರು ಬಿಡುವುದಿದೆ ಎಂದು ಹೊರಟುಹೋದ.

ಈಗ ನಾಲ್ಕು ತಿಂಗಳ ಮಾತ್ರೆ ಮುಗಿದಿದೆ. ಪೂರ್ತಿ ವಾಸಿಯಾದೆ ಎನ್ನಲಾರೆ. ಮೆಟ್ಟಿಲು ಹತ್ತಿದರೆ ಇನ್ನೂ ಎದೆ ಬಿಗಿಯುತ್ತದೆ. ರೊಟ್ಟಿ ಮತ್ತೆ ಬಡಿಯುತ್ತೇನೆ, ಮೂರಕ್ಕೊಮ್ಮೆ ನಿಲ್ಲುತ್ತೇನೆ. ಪಡಸಾಲೆಯಿಂದ ಯಜಮಾನರ ಅದೇ ಕೂಗು ಬರುತ್ತದೆ. "ಉಶೀರ ಆತ, ಲಗೂ ಮಾಡ!"

"ಉಸಿರ ತಗೊಳ್ಳಾಕತ್ತೀನಿ. ನಿಲ್ರಿ."

ನಿಲ್ಲುತ್ತಾರೆ.