ದೇವರ ಮುಂದಿಟ್ಟ ವಿಟಮಿನ್ ಡಬ್ಬಿ

ಮಂಗಳೂರಿನ ಚಳಿಗಾಲ ಎನ್ನುವುದೇ ಒಂದು ಬಡಾಯಿ. ಡಿಸೆಂಬರಿನ ಬೆಳಗಿನ ಜಾವ ಫ್ಯಾನ್ ಆರಿಸಿದರೆ ಅದೇ ನಮ್ಮ ಚಳಿ. ಅಷ್ಟಕ್ಕೇ ವಾಮಂಜೂರಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸ್ವೆಟರುಗಳು ಹೊರಬರುತ್ತವೆ. ವರ್ಷವಿಡೀ ಗೋಳಿಬಜೆ ತಿಂದವರು ಇದ್ದಕ್ಕಿದ್ದಂತೆ ಇಮ್ಯೂನಿಟಿ, ಇಮ್ಯೂನಿಟಿ ಎಂದು ಜಪ ಶುರುಮಾಡುತ್ತಾರೆ. ಇವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಆ ವರ್ಷ ದೀಪಾವಳಿಗೆ ಬಂದ ಜ್ವರದಲ್ಲಿ ಅಪ್ಪ ಅರ್ಧಕ್ಕರ್ಧ ಇಳಿದುಹೋಗಿದ್ದರು. ಅವರು ನಮ್ಮ ಬೀದಿಯ ಸಣ್ಣ ದೇವಸ್ಥಾನದ ಅರ್ಚಕರು. ಧನುರ್ಮಾಸ ಬಂತೆಂದರೆ ತಿಂಗಳಿಡೀ ಸೂರ್ಯ ಹುಟ್ಟುವ ಮೊದಲೇ ತಣ್ಣೀರು ಮಿಂದು ಪೂಜೆ ಮಾಡಬೇಕು. "ಚೆನ್ನಾಗಿ ತಿಂದು ಗಟ್ಟಿಯಾದರೆ ಮಾತ್ರ" ಎಂದರು ಡಾಕ್ಟರು. ಆಡಳಿತ ಮಂಡಳಿಯವರು ಆಗಲೇ ಬೇರೆ ಅರ್ಚಕರನ್ನು ಹುಡುಕುತ್ತಿದ್ದರು. ಆ ಪೂಜೆ ಕೈತಪ್ಪಿದರೆ ಅಪ್ಪ ಮತ್ತೆ ಏಳಲಿಕ್ಕಿಲ್ಲ ಎಂದು ನನಗೆ ಭಯವಾಯಿತು.

ಹಾಗಾಗಿ ಯಾರನ್ನು ಗೇಲಿ ಮಾಡುತ್ತಿದ್ದೆನೋ ಅವರ ಸಾಲಿನಲ್ಲೇ ಹೋಗಿ ನಿಂತೆ. ಮನೆಯಲ್ಲಿ ಹುರುಳಿ ಇತ್ತು, ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿ ಇತ್ತು, ಹಿತ್ತಿಲಲ್ಲಿ ನುಗ್ಗೆಸೊಪ್ಪು ಇತ್ತು. ಓದಿದ ಮಗಳಿಗೆ ಅದೆಲ್ಲ ಸಾಲುತ್ತದೆಯೇ? ಪಂಪ್‌ವೆಲ್ ಹತ್ತಿರದ ಫಾರಿನ್ ಸಾಮಾನಿನ ಅಂಗಡಿಯಿಂದ ಬಣ್ಣಬಣ್ಣದ ವಿಟಮಿನ್ ಜೆಲ್ಲಿಯ ಡಬ್ಬಿ ತಂದೆ.

"ಎಂತ ಮಾರಾಯ್ತಿ ಇದು? ಮಕ್ಕಳ ಮಿಠಾಯಿಯಾ?" ಎಂದರು ಅಪ್ಪ.

"ಇದರಲ್ಲಿ ಎಲ್ಲಾ ವಿಟಮಿನ್ ಉಂಟು. ದಿನಕ್ಕೆ ಎರಡು ತಿನ್ನಿ."

ದೇವರಿಗೆ ತೋರಿಸದೆ ಅಪ್ಪ ಏನನ್ನೂ ಬಾಯಿಗಿಡುವವರಲ್ಲ. ಡಬ್ಬಿಯನ್ನು ದೇವರ ಮುಂದಿಟ್ಟು, ತುಳಸಿದಳ ಹಾಕಿ ನೈವೇದ್ಯ ಮಾಡಿದರು. ದಿನವೂ ಎರಡು ತಾವು ತಿಂದು, ಎರಡನ್ನು ಪ್ರಸಾದವೆಂದು ಪಕ್ಕದ ಮನೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು ಬಾಯಮ್ಮನಿಗೆ ಕೊಟ್ಟರು. ಆಕೆ ಗಲ್ಫಿನಲ್ಲಿ ನರ್ಸ್ ಆಗಿದ್ದು ಊರಿಗೆ ಮರಳಿದವರು.

ಮೂರನೆಯ ದಿನ ನಾನು ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದೆ. ಜೆಲಾಟಿನ್ ಎಂದಿತ್ತು. ಪ್ರಾಣಿಯ ಎಲುಬು, ಚರ್ಮ ಬೇಯಿಸಿ ತೆಗೆದ ಅಂಟು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಅರ್ಚಕರಿಗೆ ಅದನ್ನು ತಿನ್ನಿಸಿದ್ದೆ, ದೇವರನ್ನೂ ಬಿಟ್ಟಿರಲಿಲ್ಲ. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಅಲ್ಪವಿರಾಮ ಹುಡುಕುವ ಕಣ್ಣಿಗೆ ಇದು ಮೂರು ದಿನ ಕಂಡಿರಲಿಲ್ಲ!

ಹೇಳಿದರೆ ಅಪ್ಪ ಪ್ರಾಯಶ್ಚಿತ್ತವೆಂದು ಉಪವಾಸ ಹಿಡಿಯುತ್ತಾರೆ. ಇದ್ದ ಶಕ್ತಿಯೂ ಹೋಗುತ್ತದೆ. "ಡೇಟು ಮುಗಿದದ್ದು ಅಪ್ಪ, ಅಂಗಡಿಯವ ಮೋಸ ಮಾಡಿದ" ಎಂದು ಡಬ್ಬಿ ಬಿಸಾಡಿದೆ. ಅಪ್ಪ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆಮೇಲೆ ತೆಪ್ಪಗೆ ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಮಾಡತೊಡಗಿದೆ. ಮಧ್ಯಾಹ್ನ ಅಪ್ಪ ಮರುಮಾತಿಲ್ಲದೆ ಉಣ್ಣುತ್ತಿದ್ದರು. ಧನುರ್ಮಾಸದ ಪೂಜೆಯೂ ಅವರ ಕೈಯಲ್ಲೇ ಉಳಿಯಿತು. ಆದರೆ ರಾತ್ರಿ ಮಾತ್ರ ಬಟ್ಟಲಿನ ಮುಂದೆ ಕೂರುತ್ತಿರಲಿಲ್ಲ. "ಹಸಿವಿಲ್ಲ" ಎನ್ನುತ್ತಿದ್ದರು. ನಾನು ಬೈದೆ. ಹಠಮಾರಿ ಎಂದೆ, ವಯಸ್ಸಾದರೂ ಬುದ್ಧಿ ಬರಲಿಲ್ಲ ಎಂದೆ. ಅಪ್ಪ ನಕ್ಕು ನೀರು ಕುಡಿದು ಮಲಗುತ್ತಿದ್ದರು.

ಮಕರ ಸಂಕ್ರಾಂತಿಯ ಬೆಳಿಗ್ಗೆ ಪೂಜೆ ಮುಗಿಸಿ, ಶುಂಠಿ, ಕಾಳುಮೆಣಸು ಹಾಕಿದ ನೈವೇದ್ಯದ ಹುಗ್ಗಿ ಹಿಡಿದು ಬಂದರು. ಮುಖದಲ್ಲಿ ಗೆಲುವಿತ್ತು.

"ಇವತ್ತು ರಾತ್ರಿ ಊಟ ಮಾಡ್ತೇನೆ. ನನ್ನದು ಮುಗೀತು" ಎಂದರು.

"ಎಂತ ಮುಗಿದದ್ದು?"

"ಆ ಜೆಲ್ಲಿಯ ಪ್ರಾಯಶ್ಚಿತ್ತ. ನೀನು ಬಿಸಾಡಿದ ದಿನವೇ ಆ ಡಬ್ಬಿ ನೋಡಿ ಬಾಯಮ್ಮ ಹೇಳಿದ್ರು, ಅದು ನಿಮಗೆ ಆಗುವುದಲ್ಲ ಅಂತ. ನಿನಗೆ ಗೊತ್ತಾದ್ರೆ ಬೇಜಾರು ಮಾಡ್ಕೊಳ್ತಿ. ಅದಕ್ಕೇ ಸುಮ್ಮನಿದ್ದೆ."

ನನಗೆ ಮೊದಲೇ ಗೊತ್ತಿತ್ತು ಎನ್ನಲು ಬಾಯಿ ತೆರೆದೆ. ಬದಲಿಗೆ ಅವರ ಕೈಯ ಹುಗ್ಗಿ ತೆಗೆದುಕೊಂಡು ಒಳಗೆ ಹೋದೆ. ಆ ರಾತ್ರಿ ಗಂಜಿ, ಹುರುಳಿ ಚಟ್ನಿ ಬಡಿಸಿದೆ. ಅಪ್ಪ ಮೂರು ಸಲ ಹಾಕಿಸಿಕೊಂಡರು.