ಕಾರಿನ ಶೆಡ್ಡಿನಲ್ಲಿ ಕುಳಿತ ಸಾಬಮ್ಮ

ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾನಾಗ ಕಾರ್ಮಿಕ ಇಲಾಖೆಯ ಅಧಿಕಾರಿ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಕಾರ್ಖಾನೆ ತಕರಾರುಗಳೆಲ್ಲ ನನ್ನ ಟೇಬಲ್ಲಿಗೇ ಬರುತ್ತಿದ್ದವು. ಮಾಲೀಕರನ್ನೂ ಯೂನಿಯನ್ನಿನವರನ್ನೂ ಎದುರುಬದುರು ಕೂರಿಸಿ ರಾಜಿಗೆ ತರಬೇಕು. ಕಾನೂನಿನಲ್ಲಿ ಇದಕ್ಕೆ ಕನ್ಸಿಲಿಯೇಶನ್ ಎಂದು ಹೆಸರು. ನಾವು ತೀರ್ಪು ಕೊಡುವಂತಿಲ್ಲ, ಒಪ್ಪಿಸಬೇಕಷ್ಟೆ. ಹೀಗೆ ಒಪ್ಪಿಸುತ್ತಾ ಒಪ್ಪಿಸುತ್ತಾ ನನ್ನ ಬಿ.ಪಿ. ಎಷ್ಟು ಏರಿತೋ ಡಾಕ್ಟರರಿಗೇ ಗೊತ್ತು.

ವಾಡಿ ಹತ್ತಿರದ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ರಾವೂರಿನ ಸಾಬಮ್ಮ ಹಾಸುಗಲ್ಲು ಹೊರುತ್ತಿದ್ದಳು. ಮನೆ ನಡೆಯುತ್ತಿದ್ದದ್ದೇ ಅವಳ ದುಡಿಮೆಯಿಂದ. ಬೇಸಿಗೆಯಲ್ಲಿ ಒಂದು ದಿನ ‘ಅಶಿಸ್ತು’ ಎಂದು ಹೇಳಿ ಅವಳನ್ನು ಕೆಲಸದಿಂದ ತೆಗೆದರು. ಯೂನಿಯನ್ ತಕರಾರು ಹೂಡಿತು.

ವಿಚಾರಣೆಗೆ ಮಾಲೀಕರ ಪರವಾಗಿ ಬರುತ್ತಿದ್ದವನು ಮ್ಯಾನೇಜರ್. ಏನು ಕೇಳಿದರೂ ಒಂದೇ ಮಾತು: “ಮಾಲಕರಿಗಿ ಕೇಳಿ ಹೇಳ್ತೀನ್ರಿ.” ಹೂಂ ಅನ್ನುವ ಅಧಿಕಾರವೂ ಇಲ್ಲದವನನ್ನು ಕಳಿಸಿ ದಿನ ದೂಡುವುದು ಇಂಥ ಮಾಲೀಕರ ಚಾಳಿ. ಕೊನೆಗೆ ಮಾಲೀಕರಿಗೇ ಸಮನ್ಸ್ ಕಳಿಸುತ್ತೇನೆಂದು ಗದರಿದೆ. ಮ್ಯಾನೇಜರ್ ಮತ್ತು ಯೂನಿಯನ್ ಕಾರ್ಯದರ್ಶಿ ಇಬ್ಬರೂ ಹೊರಗೆ ಹೋಗಿ, ಚಹಾ ಕುಡಿದು, ರಾಜಿ ಮಾಡಿಕೊಂಡೇ ಬಂದರು.

“ಆಕಿ ಮಾಫಿ ಬರದು ಕೊಟ್ರ ಮುಗೀತ್ರಿ, ಸಾಹೇಬ್ರ,” ಎಂದ ಕಾರ್ಯದರ್ಶಿ.

ನನಗೆ ಮೈಯೆಲ್ಲ ಉರಿಯಿತು. ಕೆಲಸ ಕಳೆದುಕೊಂಡವಳು ಬಾಗಿಲ ಹೊರಗೆ ನಿಂತಿದ್ದಾಳೆ. ಅವಳನ್ನು ಒಂದು ಮಾತು ಕೇಳಬೇಕೆಂದು ಅವಳ ಯೂನಿಯನ್ನಿಗೂ ಅನ್ನಿಸಿಲ್ಲ! ಒಳಗೆ ಕರೆಸಿ ಕುರ್ಚಿ ಕೊಟ್ಟೆ.

“ನಾ ಏನ್ ತಪ್ಪ ಮಾಡೀನಿ, ಮೊದಲ ಅದು ಹೇಳ್ರಿ. ಆಮ್ಯಾಲ ಮಾಫಿ ಕೇಳ್ತೀನಿ,” ಎಂದಳು ಸಾಬಮ್ಮ.

ಮ್ಯಾನೇಜರ್ ನೆಲ ನೋಡುತ್ತ ಹೇಳಿದ: “ಉಣ್ಣೂ ಹೊತ್ತಿನ್ಯಾಗ ಮಾಲಕರ ಕಾರಿನ ಶೆಡ್ಡಿನ್ಯಾಗ ಕುಂತಿದ್ದಳ್ರಿ. ಏಳು ಅಂದ್ರ ಏಳಲಿಲ್ಲ.”

“ಎದ್ದು ಎಲ್ಲಿಗಿ ಹೋಗ್ಲಿರಿ? ಅಲ್ಲಿ ಬ್ಯಾರೆ ನೆಳ್ಳೇ ಇಲ್ಲ.”

ನಮ್ಮ ಕಡೆಯ ಮೇ ತಿಂಗಳ ಬಿಸಿಲು, ಸುತ್ತ ಕಾದ ಕಲ್ಲು. ಕಾರಿಗೆ ನೆರಳು, ಮನುಷ್ಯರಿಗೆ ಬಯಲು! “ನಾಚಿಕೆ ಆಗೋದಿಲ್ಲೇನ್ರಿ ನಿಮಗೆ?” ಎಂದು ಇಬ್ಬರ ಮೇಲೂ ಕೂಗಿಬಿಟ್ಟೆ. ಸಂಧಾನ ಮಾಡಿಸುವವನು ದನಿ ಏರಿಸಬಾರದು ಎನ್ನುತ್ತಾರೆ. ಏರಿಸಿದೆ, ಏನೀಗ? ನನ್ನೆದುರೇ ಮಾಲೀಕರಿಗೆ ಫೋನ್ ಹಚ್ಚಿಸಿದೆ. ಮಾಫಿ ಇಲ್ಲದೆ ಸಾಬಮ್ಮ ಕೆಲಸಕ್ಕೆ ಮರಳುವುದು, ಹೆಂಗಸರು ಊಟಕ್ಕೆ ಕೂರಲು ಬೇರೆ ಶೆಡ್ ಹಾಕಿಸುವುದು ಎಂದು ಒಪ್ಪಂದವಾಯಿತು. ಎಲ್ಲರೂ ಸಹಿ ಹಾಕಿದರು.

ಕೆಲವು ವಾರಗಳ ನಂತರ ಶಹಾಬಾದಿಗೆ ಹೊರಟವನು ಮಧ್ಯಾಹ್ನ ದಾರಿಯಲ್ಲಿ ಆ ಕಾರ್ಖಾನೆಯ ಬಳಿ ಇಳಿದೆ. ಹೊಸ ಶೆಡ್ ಎದ್ದಿತ್ತು. ಒಳಗೆ ಮ್ಯಾನೇಜರನ ಕಾರು, ಅದರ ಪಕ್ಕ ಯೂನಿಯನ್ ಕಾರ್ಯದರ್ಶಿಯ ಮೋಟರ್‌ಸೈಕಲ್. ಹೆಂಗಸರು ಹೊರಗೆ ಬಿಸಿಲಲ್ಲಿ ಉಣ್ಣುತ್ತಿದ್ದರು. ಎರಡು ಗಾಡಿಗಳ ನಡುವಿನ ಸಂದಿಯಲ್ಲಿ ಸಾಬಮ್ಮ ಒಬ್ಬಳೇ ರೊಟ್ಟಿಗಂಟು ಬಿಚ್ಚಿ ಕುಳಿತಿದ್ದಳು.

“ಗಾಡಿ ತೆಗೀರಿ ಅಂದೀನ್ರಿ, ಸಾಹೇಬ್ರ. ಮಾಲಕರಿಗಿ ಕೇಳಿ ಹೇಳ್ತಾರಂತ.”

ಒಪ್ಪಂದ ಮುರಿದರೆ ಕೇಸು ಹಾಕುತ್ತೇನೆಂದು ಅಬ್ಬರಿಸಿ, ನಿಂತ ನಿಲುವಿನಲ್ಲೇ ಎರಡೂ ಗಾಡಿ ತೆಗೆಸಿದೆ. ಹೆಂಗಸರೆಲ್ಲ ಒಳಗೆ ಬಂದು ಕುಳಿತ ಮೇಲೇ ನಾನು ಜೀಪು ಹತ್ತಿದ್ದು.

ಸಹಿ ಬಿದ್ದರೆ ತಕರಾರು ಮುಗಿಯಿತು ಎನ್ನುತ್ತದೆ ಇಲಾಖೆ. ಮುಗಿಯುವುದಿಲ್ಲ. ಊಟದ ಹೊತ್ತಿಗೆ ಹೇಳದೆ ಕೇಳದೆ ಹೋಗಿ, ನೆರಳಲ್ಲಿ ಯಾರಿದ್ದಾರೆ ಎಂದು ಕಣ್ಣಾರೆ ನೋಡಿ ಬರಬೇಕು.