ಇಸ್ತ್ರಿ ಮಾಡಿ ಕಳಿಸಿದ ಹೊಟ್ಟೆ

ತೂಕೆರ್ರೆಸ್ ಊರಿನಲ್ಲಿ ಮಕ್ಲೋವಿಯಾ ಚಲಪೂದಳ ಕೈಯಿಂದ ಸುಕ್ಕಿದ್ದ ಬಟ್ಟೆ ಹೊರಗೆ ಹೋದದ್ದನ್ನು ಕಂಡವರಿಲ್ಲ. ಪಾದ್ರಿಯ ನಿಲುವಂಗಿ, ಮೇಷ್ಟರ ಪ್ಯಾಂಟು, ಮದುಮಗಳ ಲಂಗ, ಎಲ್ಲವೂ ಅವಳ ಇಸ್ತ್ರಿಪೆಟ್ಟಿಗೆಯ ಕೆಳಗೆ ಹಾದೇ ಹೋಗಬೇಕು. ಮನೆಯವರ ವಿಷಯದಲ್ಲೂ ಅವಳದು ಅದೇ ಹಟ. ನಮ್ಮ ಬೆಟ್ಟದ ಜನಕ್ಕೆ ಆಸ್ಪತ್ರೆಗೆ ಹೋಗುವುದೆಂದರೆ ಭಾನುವಾರದ ಪೂಜೆಗೆ ಹೋದ ಹಾಗೆ. ಮಿಂದು, ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟೇ ಹೊರಡುವುದು. ರೋಗಿಯ ಹಾಗೆ ಕಾಣದಿರುವುದೇ ನಮ್ಮಲ್ಲಿ ರೋಗಿಯ ಮೊದಲ ಕೆಲಸ. ನಗಬೇಡಿ, ನಾವಿರುವುದೇ ಹೀಗೆ.

ಅವಳ ಗಂಡ ಲಿಯೋನಿದಾಸ್ ಸಂತೆಯಲ್ಲಿ ಆಲೂಗಡ್ಡೆ ಮೂಟೆ ಹೊರುವವನು. ಮೂಟೆಗೆ ಬಗ್ಗದ ಮನುಷ್ಯ ಹೊಟ್ಟೆಯೊಳಗಿನ ಉರಿಗೆ ಬಗ್ಗಿದ್ದ. ಹೊಟ್ಟೆಯಲ್ಲಿ ಹುಣ್ಣು ಮಾಡುವ, ಕಣ್ಣಿಗೆ ಕಾಣದ ಹುಳುವಿದೆಯೋ ನೋಡೋಣ ಎಂದು ಪಾಸ್ತೋ ಪಟ್ಟಣದ ಆಸ್ಪತ್ರೆಯವರು ಉಸಿರಿನ ಪರೀಕ್ಷೆಗೆ ಬರಹೇಳಿದರು. ಆ ಸರದಿ ಸಿಗುವುದಕ್ಕೇ ತಿಂಗಳುಗಟ್ಟಲೆ ಕಾಯಬೇಕಾಯಿತು. ಉರಿ ತಣಿಸುವ ಮಾತ್ರೆಯನ್ನು ಪರೀಕ್ಷೆಗೆ ಮುಂಚೆ ಎರಡು ವಾರ ಮುಟ್ಟಕೂಡದು ಎಂದು ನರ್ಸಮ್ಮ ಇಬ್ಬರಿಗೂ ಬಿಡಿಸಿ ಹೇಳಿದ್ದಳು. ಮಕ್ಲೋವಿಯಾ ತಲೆಯಾಡಿಸಿದ್ದಳು.

ಮಾತ್ರೆ ಬಿಟ್ಟದ್ದೇ ತಡ, ಉರಿ ಗಂಟಲಿಗೇರಿತು. ಉಂಡದ್ದೆಲ್ಲ ಹುಳಿತೇಗಾಗಿ ಹೊರಗೆ ಬರತೊಡಗಿತು. ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ಅವಳಿಗೆ ತಡೆಯಲಾಗಲಿಲ್ಲ.

"ಹೀಗೆ ಡರ್ ಡರ್ ಅಂತ ತೇಗ್ತಾ ಹೋಗಿ ಆ ಆಸ್ಪತ್ರೆ ಹುಡುಗಿ ಮುಖಕ್ಕೆ ಊದ್ತೀರಾ? ಮಾನ ಮರ್ಯಾದೆ ಬೇಡ್ವಾ?"

"ಊದೋಕೇ ಅಲ್ವೇನೇ ಕರೆದಿರೋದು?"

"ಊದಿ, ಯಾರು ಬೇಡ ಅಂದ್ರು? ಮನುಷ್ಯರ ಹಾಗೆ ಊದಿ!"

"ಮಾತ್ರೆ ಮುಟ್ಟಬೇಡಿ ಅಂದಿದ್ಲಲ್ಲ ನರ್ಸಮ್ಮ."

"ಅವಳಿಗೇನು, ಉರಿಯೋ ಹೊಟ್ಟೆ ಅವಳದಾ?"

ಬೀದಿ ಮೂಲೆಯ ಔಷಧದಂಗಡಿಯಿಂದ ಮಾತ್ರೆ ತಂದು ಬೆಳಿಗ್ಗೆ ರಾತ್ರಿ ತಾನೇ ಕೈಯಾರೆ ನುಂಗಿಸಿದಳು. ಹೊಟ್ಟೆ ತಣ್ಣಗಾಯಿತು. ಹೊರಡುವ ದಿನ ಅಂಗಿಯಲ್ಲೂ ಸುಕ್ಕಿಲ್ಲ, ಹೊಟ್ಟೆಯಲ್ಲೂ ಸದ್ದಿಲ್ಲ.

ಆಸ್ಪತ್ರೆಯ ಹುಡುಗಿ ಮಾತ್ರೆ ಏನಾದರೂ ತಗೊಂಡ್ರಾ ಎಂದು ಕೇಳಿದಾಗ ಅವನು ಹೆಂಡತಿಯ ಮುಖ ನೋಡಿದ. ಹೌದು ಎಂದರೆ ಸರದಿ ತಪ್ಪುತ್ತದೆ. ಮೇಲಾಗಿ, ಬೆಟ್ಟದವರಿಗೆ ಹೇಳಿದ್ದು ತಲೆಗೆ ಹೋಗುವುದಿಲ್ಲ ಎಂದು ಪಟ್ಟಣದ ಹುಡುಗಿಯಿಂದ ಕೇಳಿಸಿಕೊಳ್ಳಬೇಕು. "ಇಲ್ಲಮ್ಮ, ಒಂದೂ ಮುಟ್ಟಿಲ್ಲ," ಎಂದುಬಿಟ್ಟಳು ಮಕ್ಲೋವಿಯಾ. ಲಿಯೋನಿದಾಸ್ ಹುಡುಗಿ ಕೊಟ್ಟ ಮದ್ದಿನ ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಒಂದು ತೇಗೂ ಬಾರದೆ ನೀಟಾಗಿ ಚೀಲಕ್ಕೆ ಊದಿದ. ನೋಡಿ ಅವಳು ಬೀಗಿದಳು.

ಹುಳು ಇಲ್ಲ ಎಂದು ಬಂತು. ಅಡಿಗೆಮನೆ ಮೂಲೆಯಲ್ಲಿ ಸಾಕಿದ್ದ ಕೂಯಿ ಎಂಬ ಗಿನಿಯಿಲಿಗಳಲ್ಲಿ ಕೊಬ್ಬಿದ ಎರಡನ್ನು ಹಿಡಿದು, ಕೆಂಡದ ಮೇಲೆ ಸುಟ್ಟು, ನೆರೆಹೊರೆಗೂ ಬಡಿಸಿದಳು. ಆಮೇಲೆ ಅವನು ಹೊಟ್ಟೆ ಹಿಡಿದುಕೊಂಡಾಗಲೆಲ್ಲ ಒಂದೇ ಮಾತು: "ಪರೀಕ್ಷೆಯಲ್ಲೇ ಏನೂ ಇಲ್ಲ ಅಂದ್ಮೇಲೆ ಇನ್ನೇನು ನಿಮ್ಮ ಸೋಗು?" ಅವನು ಸೊರಗುತ್ತ ಬಂದ. ಪ್ಯಾಂಟು ಸೊಂಟದಲ್ಲಿ ನಿಲ್ಲದಾದಾಗ ಅದನ್ನು ಬಿಗಿ ಮಾಡಿ ಹೊಲಿದು, ಮೇಲೆ ಇಸ್ತ್ರಿಯನ್ನೂ ಹಾಕಿ ಕೊಟ್ಟಳು. ಮೂರನೇ ವರ್ಷ ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ನೋಡಿದರೆ ಹುಳುವೂ ಇತ್ತು, ಅದು ಬೆಳೆಸಿದ, ಕೈಮೀರಿದ ಗಡ್ಡೆಯೂ ಇತ್ತು.

"ಅವತ್ತು ಉಸಿರಲ್ಲಿ ಯಾಕೆ ಸಿಗಲಿಲ್ಲ?" ಎಂದು ಡಾಕ್ಟರು ಹುಬ್ಬುಗಂಟಿಕ್ಕಿದರು. "ಮಾತ್ರೆ ನುಂಗ್ತಿದ್ರಾ? ಮಾತ್ರೆ ಇದ್ರೆ ಹುಳು ಕುಗ್ಗಿ ಅಡಗಿರುತ್ತೆ, ಸಾಯಲ್ಲ. ಉಸಿರಿಗೆ ಸಿಗಲ್ಲ."

ಮಕ್ಲೋವಿಯಾ ಬಾಯಿ ತೆರೆಯುವ ಮೊದಲೇ ಲಿಯೋನಿದಾಸ್ ಹೇಳಿದ. "ಇಲ್ಲ ಡಾಕ್ಟ್ರೇ, ಒಂದೂ ಮುಟ್ಟಿರಲಿಲ್ಲ."

"ಆಗಲೇ ಸಿಕ್ಕಿದ್ರೆ ಉಳೀತಿದ್ರಾ?" ಎಂದು ಅವಳು ತೊದಲಿದಳು.

"ಅದನ್ನ ಹೇಳೋಕಾಗಲ್ಲ ತಾಯಿ."

ಹೌದು ಎಂದಿದ್ದರೆ ಎದೆ ಬಡಿದುಕೊಂಡು ಅಳುತ್ತಿದ್ದಳು, ಇಲ್ಲ ಎಂದಿದ್ದರೆ ಹಗುರಾಗುತ್ತಿದ್ದಳು. ಎರಡೂ ಅಲ್ಲದ ಆ ಮಾತನ್ನು ಹೊತ್ತುಕೊಂಡು ಹೊರಗೆ ಬಂದಳು. ಅಂಗಳದ ಬೆಂಚಿನ ಮೇಲೆ ಅವನನ್ನು ಕೂರಿಸಿ, "ಯಾಕೆ ಸುಳ್ಳು ಹೇಳಿದ್ರಿ?" ಎಂದಳು.

"ಅಷ್ಟು ಜನರ ಮುಂದೆ ನಿನ್ನ ಮುಖ ಸುಕ್ಕಾಗೋದು ನೋಡೋಕೆ ಮನಸ್ಸು ಬರಲಿಲ್ಲ ಕಣೇ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳೇನೋ. ಅವನು ಬೈಯದೆಯೇ, ಆಲೂಗಡ್ಡೆ ಅಗೆಯುವ ಕಾಲಕ್ಕೆ ತೀರಿಕೊಂಡ.

ಒಂದೇ ತಟ್ಟೆಯಲ್ಲಿ ಉಂಡವರಿಗೂ ಪರೀಕ್ಷೆಯಾಗಬೇಕು ಎಂದು ಆಸ್ಪತ್ರೆಯವರು ಅವಳನ್ನೂ ಕರೆಸಿದರು. ಉರಿ ಅವಳಿಗೂ ಇತ್ತು, ಹೇಳಿಕೊಂಡಿರಲಿಲ್ಲ. ಈ ಸಲ ಮಾತ್ರೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಸ್ಸಿನುದ್ದಕ್ಕೂ ತೇಗಿದಳು, ಜನ ಮುಖ ತಿರುಗಿಸಿಕೊಂಡರು. ಚೀಲ ಕೈಗೆ ಬಂದಾಗ ಹುಡುಗಿಯ ಎದುರಿಗೇ ಗಟ್ಟಿಯಾಗಿ ಒಂದು ತೇಗು ಬಂತು. ನಾಚಿಕೆಯಿಂದ ನೆಲ ನೋಡಿದಳು.

"ಅಯ್ಯೋ, ನಾಚ್ಕೋಬೇಡಿ ಅಮ್ಮ," ಎಂದು ಹುಡುಗಿ ನಕ್ಕಳು. "ಇಲ್ಲಿಗೆ ಬರೋರೆಲ್ಲ ತೇಗೋರೇ. ಯಾರೂ ಏನೂ ಅಂದ್ಕೊಳಲ್ಲ."

ಮಕ್ಲೋವಿಯಾ ಊದಿದಳು. ಸಂಜೆಗೆ ಫಲಿತಾಂಶವೂ ಬಂತು.

"ಹುಳು ಇದೆ ಅಮ್ಮ. ಆದ್ರೆ ಸಿಕ್ತಲ್ಲ, ಪುಣ್ಯ ನಿಮ್ದು! ಮದ್ದು ತಗೊಂಡ್ರೆ ಹೋಗುತ್ತೆ. ಅಳ್ತೀರ ಯಾಕೆ?"

"ಅವರನ್ನೂ ತೇಗೋಕೆ ಬಿಡಬೇಕಿತ್ತು ಕಣಮ್ಮ," ಎಂದಳು ಮಕ್ಲೋವಿಯಾ.